ಸುಗ್ಗಿ ಕಪ್ಪಿನ ಹಳದಿ ಗಂಟು

ಸುಗ್ಗಿ ಕಪ್ ಫುಟ್‌ಬಾಲಿನ ಕೊನೆಯ ಫೈನಲ್ ಗೆದ್ದ ಹನ್ನೊಂದು ಜನರನ್ನು, ಅವರು ಬೂಟು ಬಿಚ್ಚುವ ಮೊದಲೇ, ಸೈನಿಕರು ಲಾರಿ ಹತ್ತಿಸಿ ಕರೆದೊಯ್ದರು. ಹನ್ನೊಂದು ಜನರೂ ಕಬ್ಬು ಕಡಿಯುವವರು. ಒಬ್ಬನೂ ಹಿಂತಿರುಗಲಿಲ್ಲ. ಮರುವರ್ಷ ಟೂರ್ನಮೆಂಟ್ ನಡೆಯಲಿಲ್ಲ, ಆಮೇಲೂ ನಡೆಯಲಿಲ್ಲ.

ಆ ತಂಡದ ನಾಯಕ ನಿಕಾನೋರ್. ಅವನ ಅಕ್ಕ ಒಬ್ದುಲಿಯಾ ಅಂದಿನಿಂದ ಡೀಸೆಲ್ ಗಾಡಿಯ ಸದ್ದಿಗೆ ಹೆದರುತ್ತಾಳೆ. ಗ್ವಾಟೆಮಾಲಾದ ದಕ್ಷಿಣ ಕರಾವಳಿಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಬದುಕಿ ಡೀಸೆಲ್ ಸದ್ದಿಗೆ ಹೆದರುವುದೆಂದರೆ ಮೀನು ನೀರಿಗೆ ಹೆದರಿದ ಹಾಗೆ. ದೇಶದೊಳಗಿನ ಯುದ್ಧ ಮುಗಿಯಿತು, ರಾಜಧಾನಿಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು ಎಂದು ರೇಡಿಯೋ ಹೇಳಿತು. ಅವಳ ಎದೆಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

ಆ ದಿನ ಬೆಳಿಗ್ಗೆ ಸುಟ್ಟ ಕಬ್ಬಿನ ಬೂದಿ ಕರಿ ಗರಿಗಳಂತೆ ಉದುರುತ್ತಿತ್ತು. ಒಣಹಾಕಿದ ಬಟ್ಟೆ ಎತ್ತಿಕೊಳ್ಳುತ್ತಿದ್ದಾಗ ಬಿಳಿ ಪಿಕಪ್ ಒಂದು ಓಣಿಗೆ ತಿರುಗಿ, ಅವಳ ಬಾಗಿಲ ಮುಂದೆಯೇ ನಿಂತಿತು. ಎಂಜಿನ್ ನಿಲ್ಲಿಸಲಿಲ್ಲ. ಒಬ್ದುಲಿಯಾ ಉಳಿದ ಬಟ್ಟೆಯನ್ನು ಹಗ್ಗದ ಮೇಲೇ ಬಿಟ್ಟಳು. ಎದುರು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಚಾವೇಲಾಳ ಕೈ ಸದ್ದೂ ನಿಂತುಹೋಯಿತು.

ಇಳಿದವನು ಫುಲ್ಹೆನ್ಸಿಯೋ; ಊರವರ ಬಾಯಲ್ಲಿ ದೋನ್ ಫುಲ್ಹೆನ್ಸಿಯೋ, ಅಂದರೆ ಫುಲ್ಹೆನ್ಸಿಯೋ ಸಾಹೇಬ. ಹಿಂದೆ ಊರಿನಲ್ಲಿ ಸೈನ್ಯದ ಕಣ್ಣು ಕಿವಿಯಾಗಿದ್ದವನು. ಕೊನೆಯ ಫೈನಲ್ ದಿನ ಲಾರಿಯ ಪಕ್ಕ ನಿಂತು ಬಾಯಿ ತೆರೆಯದೆ, ಬೆರಳೆತ್ತದೆ, ಬರೀ ಗದ್ದ ಎತ್ತಿ ಇವನು, ಇವನು ಎಂದು ತೋರಿಸಿದವನು. ಈಗ ಸಕ್ಕರೆ ಕಾರ್ಖಾನೆಯ ಕ್ರೀಡಾ ಸಮಿತಿಗೆ ಅಧ್ಯಕ್ಷ. ಕಂಕುಳಲ್ಲಿ ಗೋಣಿ ಸುತ್ತಿದ ಏನನ್ನೋ ಹಿಡಿದಿದ್ದ.

"ನಮಸ್ಕಾರ ದೋನ್ಯಾ ಒಬ್ದುಲಿಯಾ. ಚೆನ್ನಾಗಿದೀರಾ? ಹೆದರ್ಕೋಬೇಡಿ, ಒಳ್ಳೇ ಕೆಲಸಕ್ಕೇ ಬಂದಿದೀನಿ."

ಗೋಣಿ ಬಿಚ್ಚಿ, ಅವಳ ಹೊಸ್ತಿಲ ಮೇಲೆ ಸುಗ್ಗಿ ಕಪ್ಪನ್ನು ಇಟ್ಟ.

ಅವಳು ಅದನ್ನು ನೋಡಿ ಹದಿನಾರು ವರ್ಷವಾಗಿತ್ತು. ತಗಡಿನ ಕಪ್ಪೇ ಹೊರತು ಬೆಳ್ಳಿಯಲ್ಲ. ಅವಳ ಅಜ್ಜನ ಕಾಲದಲ್ಲಿ ಕಬ್ಬಿನ ಸುಗ್ಗಿ ಮುಗಿದ ಮೇಲೆ ಕೂಲಿಯವರು, ರೈಲಿನವರು, ಬಂದರಿನ ಹಮಾಲರು ತಾವೇ ಕಟ್ಟಿಕೊಂಡ ಆಟ ಅದು. ಧಣಿಗಳ ಕಾಸಿಲ್ಲ, ಧಣಿಗಳ ಹೆಸರಿಲ್ಲ. ಗೆದ್ದ ನಾಯಕನ ಅಂಗಿಯ ಅಂಚಿನಿಂದ ಒಂದು ಪಟ್ಟಿ ಹರಿದು, ಅವನ ಮನೆಯ ಹೆಂಗಸು ಕಪ್ಪಿನ ಹಿಡಿಕೆಗೆ ಗಂಟು ಹಾಕಬೇಕು. ಆ ಗಂಟನ್ನು ಇನ್ನೊಬ್ಬರ ಕೈ ಮುಟ್ಟುವ ಹಾಗಿಲ್ಲ. ಕೊನೆಯ ಗಂಟಿನ ತಂಡ ಆಡಲು ಇಳಿಯದೆ ಮುಂದಿನ ಟೂರ್ನಮೆಂಟೂ ಇಲ್ಲ. ತಂಡ ತಾನಾಗಿಯೇ ಆಟ ಬಿಟ್ಟರೆ ಮಾತ್ರ, ಕಟ್ಟಿದವಳೇ ತನ್ನ ಹೊಸ್ತಿಲಲ್ಲಿ ಕೂತು, ಹಗಲಿನಲ್ಲಿ, ಓಣಿಯವರ ಎದುರು, "ನಾವಾಗೇ ಬಿಟ್ವಿ" ಎಂದು ಹೇಳಿ ಬಿಚ್ಚಬೇಕು. ರೈಲು ನಿಂತುಹೋದಾಗ ರೈಲಿನವರ ಹಸಿರು ಪಟ್ಟಿಯನ್ನು ಮುದುಕಿಯೊಬ್ಬಳು ಹಾಗೆ ಬಿಚ್ಚಿದ್ದಳು. ಬಿಚ್ಚುತ್ತ ಬಿಚ್ಚುತ್ತ ಅತ್ತಿದ್ದಳು.

ಹಿಡಿಕೆಯ ತುದಿಯಲ್ಲಿದ್ದ ಕೊನೆಯ ಗಂಟು ಒಬ್ದುಲಿಯಾ ಹಾಕಿದ್ದು. ಎಡಚಿಯ ಗಂಟು. ಹಳದಿ ಬಣ್ಣ ಮಾಸಿ ಹಳೇ ಕೊಬ್ಬಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಕಟ್ಟಿ ಅವಳು ತಲೆಯೆತ್ತಿದಾಗಲೇ ಲಾರಿ ಮೈದಾನಕ್ಕೆ ನುಗ್ಗಿತ್ತು. ಹಿಂದಿನ ವಾರ ಆ ಹುಡುಗರು ಕಾರ್ಖಾನೆಯ ಗೇಟಿನಲ್ಲಿ ಕೂಲಿ ಹೆಚ್ಚಿಸಿ ಎಂದು ಕೂತಿದ್ದರು.

"ಟೂರ್ನಮೆಂಟ್ ಮತ್ತೆ ಶುರು ಮಾಡ್ತಿದೀವಿ" ಎಂದ ಫುಲ್ಹೆನ್ಸಿಯೋ. "ಧಣಿಗಳ ತಂದೆಯವರ ಹೆಸರಲ್ಲಿ. ಹೊಸ ಬೂಟು, ಹೊಸ ಚೆಂಡು, ಎಲ್ಲಾ ನಮ್ದೇ. ಆದ್ರೆ ಈಗಿನ ತಂಡಗಳ ಈ ಮೂರ್ಖ ನಾಯಕರು ನೋಡಿ, ಹಳದಿ ಗಂಟು ಇರೋವರೆಗೂ ಕಪ್ಪು ಆ ಹನ್ನೊಂದು ಜನರದ್ದೇ, ನಾವು ಆಟಕ್ಕೆ ಇಳಿಯಲ್ಲ ಅಂತಾರೆ. ಕತ್ತರಿ ಹಾಕಿದ್ರೂ ಇಳಿಯಲ್ವಂತೆ. ನಿಮ್ಮ ಕೈಯೇ ಬೇಕಂತೆ."

"ನಂಗೆ ಈಗ ಕಣ್ಣು ಕಾಣಲ್ಲ ದೋನ್."

"ಗಂಟು ಬಿಚ್ಚೋಕೆ ಕಣ್ಣು ಯಾಕೆ? ಬಿಚ್ಚಿ, ಆ ನಾಲ್ಕು ಮಾತು ಹೇಳಿ. ಅವ್ರು ಆಟ ಬಿಟ್ಟು ಉತ್ತರಕ್ಕೆ ಹೋದ್ರು, ಅಮೆರಿಕಕ್ಕೆ. ಎಲ್ರಿಗೂ ಗೊತ್ತಿರೋದೇ. ಡಾಲರ್ ಎಣಿಸ್ಕೊಂಡು ಮಜವಾಗಿದಾರೆ."

ಅವನು ಬಂದ ಕಾರಣ ಒಬ್ದುಲಿಯಾಳಿಗೆ ಹೊಳೆಯಿತು. ಮುಂದಿನ ವಾರ ಚರ್ಚಿನವರು ಬರುತ್ತಾರೆ, ಕಾಣೆಯಾದವರ ಬಗ್ಗೆ ಕೇಳುತ್ತಾರೆ, ಹಿಂದೆ ವಿಮಾನ ಇಳಿಯುತ್ತಿದ್ದ ಬಯಲಿನ ಬಳಿ ನೆಲ ಅಗೆಯುತ್ತಾರಂತೆ ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಪಿಸುಗುಡುತ್ತಿದ್ದರು. ತಾವಾಗಿ ಬಿಟ್ಟುಹೋದವರಿಗಾಗಿ ಯಾರು ನೆಲ ಅಗೆಯುತ್ತಾರೆ?

"ನಾಳೆ ಮಾಡ್ತೀನಿ. ಇವತ್ತು ನಮ್ಮ ಹುಡುಗಿ ಕೆಲಸದಿಂದ ಬರ್ಬೇಕು, ಅಡಿಗೆ..."

"ಯೆಸೆನಿಯಾನಾ? ಅವಳಿಗೆ ಇವತ್ತು ರಜ ಕೊಡಿಸಿದೀನಿ. ಬಿಸಿಲಲ್ಲಿ ಯಾಕೆ ನಡೀಬೇಕು ಅಂತ ಗಾಡೀಲೇ ಕರ್ಕೊಂಡು ಬಂದೆ." ಅವನು ಗದ್ದ ಎತ್ತಿ ಪಿಕಪ್ಪಿನ ಕಡೆ ತೋರಿಸಿದ.

ಅದೇ ಗದ್ದ. ಹಾಗೇ ಎತ್ತಿದ್ದ.

ಪಿಕಪ್ಪಿನ ಹಿಂದಿನ ಸೀಟಿನಲ್ಲಿ, ಬಂದೂಕು ಹಿಡಿದ ಇಬ್ಬರು ಕಾವಲುಗಾರರ ನಡುವೆ ಯೆಸೆನಿಯಾ ಕೂತಿದ್ದಳು. ನಿಕಾನೋರನ ಮಗಳು, ಲಾರಿ ಬಂದಾಗ ಎರಡು ವರ್ಷದ ಕೂಸು. ಕಬ್ಬು ತೂಗುವ ಕಡೆ ಕೆಲಸ ಮಾಡುವಾಗ ಹಾಕಿಕೊಳ್ಳುವ ಹುಲ್ಲಿನ ಟೋಪಿ ಇನ್ನೂ ತಲೆಯ ಮೇಲಿತ್ತು. ಒಬ್ದುಲಿಯಾ ಪಿಕಪ್ಪಿನ ಕಡೆ ಎರಡು ಹೆಜ್ಜೆ ಹಾಕಿದಳು.

"ಅವಳನ್ನ ಇಳಿಸಿ."

"ಇಳಿಸ್ತೀವಿ, ಇಳಿಸ್ತೀವಿ. ಮೊದಲು ಕೂತ್ಕೋ." ಬಹುವಚನ ಎಲ್ಲೋ ಬಿದ್ದುಹೋಗಿತ್ತು.

ಅವಳು ಕೂತಳು. ಕಪ್ಪನ್ನು ಮಡಿಲಿಗೆ ಎಳೆದುಕೊಂಡಳು. ಓಣಿಯ ಬಾಗಿಲುಗಳೆಲ್ಲ ಅರ್ಧ ತೆರೆದಿದ್ದವು, ಅರ್ಧದಲ್ಲಿ ಕಣ್ಣುಗಳಿದ್ದವು. ಚಾವೇಲಾ ಒಬ್ಬಳೇ ಹಿಟ್ಟು ಮೆತ್ತಿದ ಕೈಯಲ್ಲಿ ಹೊರಗೆ ಬಂದು ಪಿಕಪ್ಪಿನ ಮೂತಿಯೆದುರು ನಿಂತಳು.

"ಏ ಮುದುಕಿ, ಪಕ್ಕಕ್ಕೆ ಸರಿ" ಎಂದ ಡ್ರೈವರ್.

"ಯಾಕಪ್ಪಾ, ಓಣಿಯವರ ಎದುರು ಬಿಚ್ಬೇಕು ಅಂತಲ್ವಾ ಪದ್ಧತಿ? ನಾನೇ ಓಣಿ. ನಿನ್ನ ಗಾಡಿ ಹೊಗೇಲಿ ನನ್ನ ರೊಟ್ಟಿ ಕೆಡ್ತು, ಅದರ ಲೆಕ್ಕ ಆಮೇಲೆ ಮಾಡೋಣ."

ಒಬ್ದುಲಿಯಾ ಗಂಟಿಗೆ ಎಡಗೈ ಹಾಕಿದಳು. ಬಿಚ್ಚಿಬಿಡುತ್ತೇನೆ, ಎಂದುಕೊಂಡಳು. ಸತ್ತವರಿಗೆ ಬಟ್ಟೆ ಯಾಕೆ? ಹುಡುಗಿ ಬದುಕಲಿ. ನಿಕಾನೋರ್, ನೀನಾದರೂ ಇದನ್ನೇ ಹೇಳುತ್ತಿದ್ದೆ. ಉಗುರು ಮೊದಲ ಸುತ್ತಿನೊಳಗೆ ಇಳಿಯಿತು. ಗಂಟು ಹಠ ಹಿಡಿದು, ಆಮೇಲೆ ಸಡಿಲಾಯಿತು.

ಒಳಮಡಿಕೆ ಹೊರಬಂತು. ಬಿಸಿಲು ಬೀಳದ, ಧೂಳು ಸೋಕದ ಆ ಮಡಿಕೆ ಈಗತಾನೇ ಬಣ್ಣದ ನೀರಿಂದ ಎತ್ತಿದಷ್ಟು ಹಳದಿಯಾಗಿತ್ತು.

"ಅತ್ತೇ!" ಪಿಕಪ್ಪಿನಿಂದ ಯೆಸೆನಿಯಾ ಕೂಗಿದಳು. "ಅದು ಅಪ್ಪನ ಅಂಗೀನಾ?"

ಒಬ್ದುಲಿಯಾಳ ಕೈ ನಿಂತಿತು. ಲಾರಿ ಬಂದ ದಿನ ರಾತ್ರಿಯೇ ಅವಳು ತಮ್ಮನ ಫೋಟೋ, ಟೋಪಿ, ಬಟ್ಟೆ ಎಲ್ಲವನ್ನೂ ಒಲೆಗೆ ಹಾಕಿದ್ದಳು. ಸೈನಿಕರು ಮನೆ ಮನೆ ಹುಡುಕುತ್ತಿದ್ದಾರೆಂದು ಆಗ ಎಲ್ಲರೂ ಸುಟ್ಟರು. ಅಪ್ಪ ಹೇಗಿದ್ದ ಎಂದು ಹುಡುಗಿ ಕೇಳಿದಾಗಲೆಲ್ಲ, ಮೆಲ್ಲಗೆ ಮಾತಾಡು, ಗೋಡೆಗೆ ಕಿವಿಯಿದೆ ಎನ್ನುವುದೇ ಉತ್ತರವಾಗಿತ್ತು. ಅಪ್ಪನದ್ದೆಂದು ಯೆಸೆನಿಯಾ ಕಣ್ಣಿನಿಂದ ಕಂಡದ್ದು ಇದೇ ಮೊದಲು.

"ಹೂಂ ಮಗಳೇ" ಎಂದಳು, ಓಣಿಗೆಲ್ಲ ಕೇಳುವಂತೆ. "ನಿಮ್ಮಪ್ಪನ ಅಂಗಿ. ನಾನೇ ಹೊಲಿದಿದ್ದು."

"ಅಪ್ಪ ತಾನಾಗೇ ಹೋದ್ನಾ ಅತ್ತೆ?"

ಕಾವಲುಗಾರ ಅವಳ ಭುಜ ಹಿಡಿದು ಹಿಂದಕ್ಕೆ ಒತ್ತಿದ. ಟೋಪಿ ಬಿತ್ತು. ಎಂಜಿನ್ ಗುರುಗುಟ್ಟಿತು. ಚಾವೇಲಾ ಸರಿಯಲಿಲ್ಲ. ಅವಳ ಹಿಂದಿನ ಮನೆಯ ಬಾಗಿಲು ಇನ್ನಷ್ಟು ತೆರೆದುಕೊಂಡಿತು.

"ಬೇಗ ಮುಗಿಸು!" ಫುಲ್ಹೆನ್ಸಿಯೋ ಬಗ್ಗಿ, ಎಂಜಿನ್ ಸದ್ದನ್ನು ಮೀರಿ ಅವಳ ಕಿವಿಯ ಬಳಿ ಗದರಿದ. ಬಾಯಲ್ಲಿ ಪುದೀನಾ ವಾಸನೆ. "ಒಂದು ಸುತ್ತು ಉಳಿದಿದೆ ಅಷ್ಟೇ. ಮಾತು ಹೇಳು, ಹುಡುಗೀನ ಇಳಿಸ್ಕೋ. ಇಲ್ಲಾಂದ್ರೆ ಗಾಡಿ ಹೊರಡುತ್ತೆ. ನಿಮ್ಮ ಮನೇವ್ರಿಗೆ ಲಾರಿ ಹತ್ತೋದು ಹೊಸದೇನಲ್ವಲ್ಲ?"

ಅವರು ತಾವಾಗಿ ಹೋಗಲಿಲ್ಲವೆಂದು ತಾನೇ ಒಪ್ಪಿದಂತಾಯಿತು ಎಂದು ಆಮೇಲೆ ಹೊಳೆದು, ಅವನು ಓಣಿಯ ಕಡೆ ನೋಡಿದ. ಚಾವೇಲಾ ಕೇಳಿಸಿಕೊಂಡಿದ್ದಳು.

ಒಬ್ದುಲಿಯಾಳ ಹೆದರಿಕೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಬೆರಳು ಹಿಡಿತಕ್ಕೆ ಸಿಗಲಿಲ್ಲ. ಕಪ್ಪನ್ನು ಎರಡೂ ಮೊಣಕಾಲ ನಡುವೆ ಅವುಚಿಕೊಂಡು, ಬಗ್ಗಿ, ಸಡಿಲಾದ ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಜಗ್ಗಿದಳು. ಹಳದಿ ಮಡಿಕೆ ಒಳಕ್ಕೆ ಸರಿಯಿತು. ಗಂಟು ಮೊದಲಿಗಿಂತ ಬಿಗಿಯಾಯಿತು.

"ಏನ್ ಮಾಡ್ತಿದೀಯ? ಬಿಚ್ಚು ಅಂದೆ!"

ಅವಳು ತಲೆಯೆತ್ತಿದಳು. ದನಿ ಒಡೆದಿತ್ತು, ಆದರೂ ಪಿಕಪ್ಪಿನವರೆಗೆ ಮುಟ್ಟಿತು.

"ಅವ್ರು ಬಿಟ್ಟು ಹೋಗಿಲ್ಲ ದೋನ್ ಫುಲ್ಹೆನ್ಸಿಯೋ. ನಾನು ಬಿಚ್ಚಲ್ಲ."