ಕುಟ್ಟಿ ನೋಡಿದ ಕೋವಿ

ವೆಸ್ಟ್ ವರ್ಜೀನಿಯಾದ ನಮ್ಮ ಗುಡ್ಡದಲ್ಲಿ, ಓಕ್ ಮರದ ಬುಡದ ಕಲ್ಲಿನ ಮೇಲೆ ಕೂತು ಅಪ್ಪ ನಲವತ್ತು ವರ್ಷ ಜಿಂಕೆ ಹೊಡೆದಿದ್ದರು. ಈ ಸಲ ಮಂಡಿ ಕೈಕೊಟ್ಟಿತ್ತು. "ಶನಿವಾರ ಇಬ್ರೂ ಗುರಿ ಹೊಡೀರಿ. ಯಾರ ಕೋವಿ ಮೇಲೆ ನಂಗೆ ನಂಬಿಕೆ ಬರುತ್ತೋ ಅವ್ರಿಗೆ ಆ ಕಲ್ಲು" ಅಂದರು. ಮಗ ನಾನೊಬ್ಬನೇ. ಆದರೂ ಅವರ ಕಣ್ಣು ಅಕ್ಕನ ಗಂಡ ಡೆಲ್ಬರ್ಟನ ಕಡೆ ಹೋಯಿತು.

ಡೆಲ್ಬರ್ಟ್ ಭಾವ ಆ ವರ್ಷ ಕೋವಿಗೆ ಹೊಸ ಟ್ರಿಗರ್ ಹಾಕಿಸಿದ್ದ. ಕಾರ್ಖಾನೆಯ ಮಾಲು, ಪಟ್ಟಣದ ಕೋವಿ ರಿಪೇರಿಯವನು ಕೂರಿಸಿದ್ದು. "ಇನ್ನೂರೈವತ್ತು ಡಾಲರ್ ಆಯ್ತು ಕಣೋ ಹೋಬರ್ಟ್. ಬೆಣ್ಣೆ ಇದ್ದಂಗಿದೆ. ಎಳೆದು ನೋಡು" ಅಂತ ಖಾಲಿ ಕೋವಿ ಕೈಗಿಟ್ಟ. ಎಳೆದೆ. ಹೌದು, ಬೆಣ್ಣೆಯೇ. ಇನ್ನೊಮ್ಮೆ ಎಳೆಯದೆ ವಾಪಸ್ ಕೊಟ್ಟುಬಿಟ್ಟೆ.

ಅವ್ವ ಇದ್ದಾಗ ದಿನಾ ಬೆಳಿಗ್ಗೆ ಬೈಬಲ್ಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದಳು. ನಾನು ಒಲೆ ಪಕ್ಕ ಕೂತು ಕೇಳುತ್ತಿದ್ದೆ. ಆ ಸಾಲುಗಳು ಎದೆಯಲ್ಲಿದ್ದೂ ಆ ವಾರ ನಾಲಿಗೆಗೆ ಬರಲಿಲ್ಲ. ಕೊಟ್ಟಿಗೆಯಲ್ಲಿ ಕೂತು ನನ್ನ ಕೋವಿಯ ಟ್ರಿಗರ್ ಬಿಚ್ಚಿ ಅರದಿಂದ ಉಜ್ಜಿದೆ. ಕಲಿತ ಕೆಲಸವಲ್ಲ. ಎಳೆತ ಭಾವನದಕ್ಕಿಂತ ಹಗುರಾಗಬೇಕು, ಅಷ್ಟೇ.

ಶನಿವಾರ ನನ್ನ ಮೂರೂ ಗುಂಡು ಒಂದು ನಾಣ್ಯದಗಲದಲ್ಲಿ ಬಿದ್ದವು. ಅವನವು ಅಂಗೈಯಗಲ.

"ಏನ್ ಭಾವ, ಬೆಣ್ಣೆ ಕರಗೋಯ್ತಾ?"

ಅವನು ನಕ್ಕ. ಆ ನಗುವೂ ನನಗೆ ಸೇರಲಿಲ್ಲ.

ಅಪ್ಪ ನನ್ನ ಕೋವಿ ತಗೊಂಡರು. ಒಳಗೆ ಗುಂಡಿಲ್ಲವೆಂದು ಕಣ್ಣಿಟ್ಟು, ಬೆರಳಿಟ್ಟು ನೋಡಿದರು. ಹೊಡೆಯಲು ಸಜ್ಜು ಮಾಡಿ, ಟ್ರಿಗರ್ ಮುಟ್ಟದೆ, ಮರದ ಹಿಡಿಯನ್ನು ಹಲಗೆಯ ಮೇಲೆ ಕುಟ್ಟಿದರು. ಟಕ್ ಅಂತು, ಎಳೆಯದೆಯೇ ತಾನಾಗಿ ಹೊಡೆದುಕೊಂಡಿತ್ತು. ಮತ್ತೆ ಸಜ್ಜು ಮಾಡಿ ಕುಟ್ಟಿದರು. ಮತ್ತೆ ಟಕ್. ಭಾವನ ಕೋವಿಯನ್ನೂ ಹಾಗೇ ನೋಡಿ ಕುಟ್ಟಿದರು. ಸದ್ದಿಲ್ಲ.

"ಗುಂಡು ತುಂಬಿದ್ದಾಗ ಏರಿನಲ್ಲಿ ನೀನು ಜಾರಿದ್ರೆ? ನಿನ್ನ ಮುಂದೆ ಯಾರು ನಡೀತಾರೆ?"

"ನಾನೇ ಮಾವ" ಅಂದ ಡೆಲ್ಬರ್ಟ್, ಮೆಲ್ಲಗೆ.

ನಮ್ಮಲ್ಲಿ ಜಿಂಕೆಗೆ ಗುರಿ ತಪ್ಪಿದವನ ಅಂಗಿಯ ತುದಿ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುತ್ತಾರೆ. ಅಪ್ಪ ಚಾಕು ತೆಗೆದರು.

"ನಾ ಗುರಿ ತಪ್ಪಿಲ್ವಲ್ಲಪ್ಪ."

"ತಪ್ಪಿದ್ದೀಯ. ತಿರುಗು."

ನಾನು ಉಜ್ಜಿ ಹಾಳು ಮಾಡಿದ್ದು ಸರಿಹೋಗುವಂಥದ್ದಲ್ಲ, ಹೊಸದೇ ಕೂರಿಸಬೇಕು, ಭಾವ ಕೊಟ್ಟಷ್ಟೇ ಆಗುತ್ತದೆ, ಅದೂ ಕ್ರಿಸ್ಮಸ್ ಕಳೆದ ಮೇಲೆ ಎಂದ ರಿಪೇರಿಯವನು. "ನನ್ನ ಹಳೇ ಕೋವಿ ತಗೊಂಡ್ಹೋಗೋ" ಅಂದ ಭಾವ. ಬೇಡ ಅಂದೆ.

ಬೇಟೆ ಶುರುವಾಗುವ ಸೋಮವಾರ ಭಾವ ಆ ಕಲ್ಲಿಗೆ ಹೋದ, ನಾನು ಒಲೆಗೆ ಸೌದೆ ಒಟ್ಟುತ್ತ ಅಪ್ಪನ ಜೊತೆ ಉಳಿದೆ. ಅವ್ವನ ಸಾಲುಗಳು ತಾವಾಗಿ ಬಾಯಿಗೆ ಬಂದವು. ಭಾವ ಜೀವಂತ ಇದ್ದಾನಲ್ಲ ಎಂದು ದೇವರಿಗೆ ಮನಸಾರೆ ವಂದನೆ ಹೇಳಿದೆ. ಎಂಟು ಗಂಟೆಗೆ ಗುಡ್ಡದಿಂದ ಒಂದು ಗುಂಡಿನ ಸದ್ದು ಬಂತು. ಅಪ್ಪ ಮುಗುಳ್ನಕ್ಕರು.

ಗುರಿ ತಪ್ಪಿದವನು ಎರಡನೆಯ ಗುಂಡು ಹೊಡೆಯುತ್ತಾನೆ. ನಾನು ಅದಕ್ಕಾಗಿ ಕಿವಿಗೊಟ್ಟು ಕಾದೆ. ಬರಲಿಲ್ಲ.