ಮೂರನೇ ಕಿಟಕಿಯ ಪರದೆ

ನಿವೃತ್ತರಾಗುವವರಿಗೆ ನಮ್ಮ ಮನರಂಜನಾ ಪಾರ್ಕಿನಲ್ಲಿ ಮೂರರಲ್ಲಿ ಒಂದು ಉಡುಗೊರೆ: ಗೋಡೆ ಗಡಿಯಾರ, ಇಬ್ಬರಿಗೆ ದೊಡ್ಡ ಊಟ, ಇಲ್ಲವೇ ಅಡಿಲೇಡಿನಲ್ಲಿ ಒಂದು ಸುತ್ತು. ನಾನು ಗಡಿಯಾರಕ್ಕೆ ಗುರುತು ಹಾಕುವುದರಲ್ಲಿದ್ದೆ. ಅಷ್ಟರಲ್ಲಿ ಹಸಿಂತಾ ಅರ್ಜಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಮೂರನೆಯದಕ್ಕೆ ಗುರುತು ಹಾಕಿ ಆಫೀಸಿಗೆ ಕೊಟ್ಟುಬಂದಳು. ಪಾರ್ಕಿನ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷ ನನ್ನ ಪಕ್ಕದ ಮೇಜಿನಲ್ಲೇ ನಿಂತು ಇಸ್ತ್ರಿ ಹಾಕಿದವಳು ಅವಳು. ಯಾಕೆ ಹಾಗೆ ಮಾಡಿದೆ ಎಂದರೆ, ನಿಮ್ಮನೆಯಲ್ಲಿ ಗಡಿಯಾರ ಇದೆಯಲ್ಲ ಎಂದಳು. ನಾನು ಜಗಳವಾಡಲಿಲ್ಲ. ಆ ದಿನಗಳಲ್ಲಿ ಯಾರು ಏನು ಮಾಡಿದರೂ ನನಗೆ ಒಂದೇ ಆಗಿತ್ತು.

ಅಡಿಲೇಡ್ ಎಂದರೆ ಪಾರ್ಕನ್ನು ಸುತ್ತುವ ಉಗಿಬಂಡಿಯ ಕೊನೆಯ ಬೋಗಿ. ಪಾರ್ಕು ಕಟ್ಟಿದ ಯಜಮಾನ ಹೆಂಡತಿಯ ಹೆಸರಿಟ್ಟು ಮಾಡಿಸಿದ್ದು. ಬೇರೆ ಬೋಗಿಗಳಲ್ಲಿ ದಿನಕ್ಕೆ ಸಾವಿರಾರು ಜನ ಕೂತು ಐಸ್‌ಕ್ರೀಮು ಚೆಲ್ಲಿ ಇಳಿದುಹೋಗುತ್ತಾರೆ, ಇದರ ಬಾಗಿಲಿಗೆ ಮಾತ್ರ ಬೀಗ. ನಾನೂ ಅದರೊಳಗೆ ಕಾಲಿಟ್ಟವಳಲ್ಲ. ಆದರೆ ಅದರ ಮಖಮಲ್ಲಿನ ಪರದೆಗಳು ನಾಲ್ಕು ತಿಂಗಳಿಗೊಮ್ಮೆ ನನ್ನ ಮೇಜಿಗೆ ಬರುತ್ತಿದ್ದವು. ಎಂಟು ಕಿಟಕಿ, ಹದಿನಾರು ಪರದೆ. ಮಕ್ಕಳಿಗೆ ಎರೆದವಳಿಗೆ ಯಾವ ಮಗುವಿಗೆ ಎಲ್ಲಿ ಮಚ್ಚೆಯಿದೆ ಎಂದು ಗೊತ್ತಿರುವಂತೆ ಒಂದೊಂದರ ಹರುಕು, ಕಲೆ ಎಲ್ಲವೂ ನನಗೆ ಗೊತ್ತಿತ್ತು.

ಮೂರನೇ ಕಿಟಕಿಯ ಎಡ ಪರದೆಯೊಂದನ್ನು ಬಿಟ್ಟು.

ಅದರ ಕಥೆ ಇಷ್ಟು. ಕಳೆದ ವರ್ಷ ನನ್ನ ಮಗಳು ನೊಯೆಮಿ ನರ್ಸಿಂಗ್ ಓದು ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಳು. ಇಪ್ಪತ್ತಮೂರರ ಹುಡುಗಿ ಸುಮ್ಮನೆ ಕೂತರೆ ಹೇಗೆ ಎಂದು ನಾನೇ ಲಾಂಡ್ರಿಗೆ ಸೇರಿಸಿದೆ. ನನ್ನ ನಂಬರು ಹದಿನಾಲ್ಕು, ಅವಳಿಗೆ ಮೂವತ್ತೊಂದು ಕೊಟ್ಟರು. ನಮ್ಮಲ್ಲಿ ಹೆಸರಿಗಿಂತ ನಂಬರೇ ಹೆಚ್ಚು. ಪ್ರತಿ ಬಟ್ಟೆಯ ಮಡಿಕೆಯೊಳಗೆ ಒಂದು ಬಿಳಿ ಪಟ್ಟಿ ಹೊಲಿದಿರುತ್ತದೆ. ಕೆಲಸ ಮಾಡಿದವರು ಅಳಿಸದ ಶಾಯಿಯಲ್ಲಿ ತಾರೀಖು, ತಮ್ಮ ನಂಬರು ಬರೆಯುತ್ತಾರೆ. ತಪಾಸಣೆ ಮಾಡಿದ ಹಿರಿಯರು ಅದರ ಪಕ್ಕ ತಮ್ಮ ನಂಬರು ಹಾಕಬೇಕು. ಆ ಜಾಗ ಖಾಲಿಯಿದ್ದರೆ ಕೆಲಸ ಆಗಿಲ್ಲ ಎಂದೇ ಲೆಕ್ಕ, ಬಿಚ್ಚಿ ಮೊದಲಿನಿಂದ ಮಾಡಬೇಕು.

ಆಮೇಲೆ ಬಂದ ಫೆಬ್ರವರಿಯಲ್ಲಿ ಆ ಪರದೆ ಯಾರದೋ ಬೂಟಿನ ಕೊಂಡಿಗೆ ಸಿಕ್ಕಿ ಅಂಚು ಹರಿದು ಬಂತು. ನೊಯೆಮಿಗೆ ಕೊಟ್ಟೆ. ಕಡುಗೆಂಪು ದಾರ ಮುಗಿದಿತ್ತಂತೆ. ಹುಡುಕಲು ಸೋಮಾರಿತನ, ಕೈಗೆ ಸಿಕ್ಕ ಕಿತ್ತಳೆಗೆಂಪು ದಾರದಲ್ಲಿ ಹೊಲಿದಿದ್ದಳು. ಬಟ್ಟೆ ಸುಕ್ಕುಗಟ್ಟಿತ್ತು. ಕೊನೆಗೆ ಮೆಣಸಿನಕಾಳಿನಷ್ಟು ದಪ್ಪ ಗಂಟು. ಅವಳು ಯಾವ ಗಂಟನ್ನೂ ಮೂರು ಸಲ ಸುತ್ತದೆ ಬಿಡುತ್ತಿರಲಿಲ್ಲ. ನೀನು ಬಟ್ಟೆ ಹೊಲಿಯುತ್ತೀಯೋ ಗೋಣಿಚೀಲ ಕಟ್ಟುತ್ತೀಯೋ ಎಂದು ಕೇಳಿ, ಬಿಚ್ಚಿ ಹೊಲಿದು ನನಗೆ ತೋರಿಸು ಎಂದು ಹೇಳಿದೆ. ಮರುದಿನ ನೋಡಿದರೆ ಪರದೆ ನನ್ನ ಕಣ್ಣಿಗೆ ಬೀಳದೆ ಬೋಗಿಗೆ ಹೋಗಿಯಾಗಿತ್ತು. ಊಟದ ಕೋಣೆಯಲ್ಲಿ, ಹತ್ತು ಜನರ ಮುಂದೆ ಕೇಳಿದೆ.

"ಬಿಚ್ಚಿ ಹೊಲ್ದೆ ಅಮ್ಮ, ನಿನ್ನಾಣೆ," ಎಂದಳು.

"ಬೊಗಳೆ ಬಿಡ್ಬೇಡ. ನಿನ್ನ ಬಾಯಲ್ಲಿ ಒಂದ್ ದಿನಾನೂ ನಿಜ ಬಂದಿಲ್ಲ," ಎಂದೆ ನಾನು.

ಡಬ್ಬಿ ಮುಚ್ಚಿ ಎದ್ದುಹೋದಳು. ಆ ಸಂಜೆ ನನ್ನ ಕಾರಿನಲ್ಲಿ ಬರಲಿಲ್ಲ, ಚಿಕ್ಕಮ್ಮನ ಮನೆಗೆ ಹೋದಳು. ನಾಲ್ಕನೇ ದಿನ ತೊಂಬತ್ತೊಂದನೇ ಹೆದ್ದಾರಿಯಲ್ಲಿ ಅವಳ ಮುಂದಿದ್ದ ಲಾರಿಯ ಟೈರು ಸಿಡಿಯಿತು. ಮಧ್ಯಾಹ್ನ ಎರಡು ಗಂಟೆ, ಒಳ್ಳೆ ಬಿಸಿಲು. ಆ ನಾಲ್ಕು ದಿನ ನಾನು ಅವಳಿಗೆ ಫೋನು ಮಾಡಿರಲಿಲ್ಲ.

ಅವತ್ತಿನಿಂದ ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಹೇಗೆ ಹೇಳುವುದೋ ತಿಳಿಯದು. ಹಲ್ಲು ಕೀಳುವ ಮೊದಲು ಸೂಜಿ ಕೊಡುತ್ತಾರಲ್ಲ, ಹಾಗೆ. ಶವಪೆಟ್ಟಿಗೆಯ ಒಳಗಿನ ಬಟ್ಟೆಯ ಇಸ್ತ್ರಿ ಸರಿಯಿಲ್ಲ ಎಂದು ನೋಡಿದ್ದು ನೆನಪಿದೆ, ಅಳು ಬಂದದ್ದು ನೆನಪಿಲ್ಲ. ನನ್ನ ಗಂಡ ಫೆರ್ಮಿನ್ ನಮ್ಮಿಬ್ಬರ ಪಾಲಿನದನ್ನೂ ಅತ್ತ. ಮನೆಮನೆಗೆ ಹೋಗಿ ಟೈಲ್ಸ್ ಹಾಕುವ ಗಟ್ಟಿ ಆಳು, ಅವಳ ಚಪ್ಪಲಿ ಕಂಡರೆ ಅಲ್ಲೇ ಕೂತುಬಿಡುತ್ತಿದ್ದ. ಒಂದು ದಿನ ನನ್ನನ್ನು ನೋಡಿ, ಅದೇನು ಹೆತ್ತ ಹೊಟ್ಟೆಯೋ ಕಲ್ಲೋ ಎಂದುಬಿಟ್ಟ. ಮೂವತ್ತು ವರ್ಷದಿಂದ ಅವನು ನನ್ನನ್ನು ಕರೆಯುತ್ತಿದ್ದದ್ದು ಮುದುಕಿ ಎಂದು, ಮದುವೆಯಾದ ವಾರದಿಂದಲೇ. ಆಮೇಲೆ ಅದು ನಿಂತಿತು. ಒಟೀಲಿಯಾ ಎಂದು ಬ್ಯಾಂಕಿನವರ ಹಾಗೆ ಕರೆಯತೊಡಗಿದ. ಜಗಳವಾಗಿತ್ತೆಂದು ಅವನಿಗೆ ಗೊತ್ತು. ಯಾವುದಕ್ಕೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹೇಳುವುದಾದರೂ ಏನು? ಅವಳು ನಿಜವಾಗಿ ಬಿಚ್ಚಿ ಹೊಲಿದಿದ್ದರೆ, ನಿಜ ಹೇಳಿದ ಮಗುವನ್ನು ಸುಳ್ಳಿ ಎಂದು ಹತ್ತು ಜನರ ಮುಂದೆ ಅಂದು ಕಳಿಸಿದವಳು ನಾನು. ಬಿಚ್ಚದೆ ಇದ್ದರೆ ಅವಳು ನನ್ನ ಮೇಲೆ ಸುಳ್ಳಾಣೆ ಹಾಕಿ ಹೋದಳು. ಸುಳ್ಳಾಣೆಯ ಕೇಡು ಯಾರ ಮೇಲೆ ಆಣೆ ಹಾಕುತ್ತೇವೋ ಅವರಿಗೆ ಎನ್ನುತ್ತಾರೆ. ನನಗಂತೂ ಒಂದು ನೆಗಡಿಯೂ ಬರಲಿಲ್ಲ. ಎರಡರಲ್ಲಿ ಯಾವುದು ನಿಜವೆಂಬುದು ಮೂರನೇ ಕಿಟಕಿಯಲ್ಲಿ ತೂಗುತ್ತಿತ್ತು. ನಾನು ಮಾತ್ರ ಬೊಂಬೆವೇಷದವರ ಕೈಗವಸು, ಕಿವಿ ಒಗೆಯುವ ಮೇಜಿಗೆ ಹೋಗಿಬಿಟ್ಟೆ. ಜೂನಿನಲ್ಲಿ ಪರದೆಗಳು ಇಳಿದು ಬಂದ ದಿನ ರಜೆ ಹಾಕಿದೆ. ಹಸಿಂತಾ ಒಗೆದು ಕಳಿಸಿದಳು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಡಿಲೇಡಿನ ಸುತ್ತು ಎರಡು ಸಲ ರದ್ದಾಯಿತು. ಬೋಗಿಯ ಬಾಗಿಲಲ್ಲಿ ಒಂದು ಥರ್ಮಾಮೀಟರಿದೆ, ಪಾದರಸ ಕೆಂಪು ಗೆರೆ ದಾಟಿದರೆ ಮೆರುಗು ಹಾಳಾಗುತ್ತದೆಂದು ಬೀಗ ತೆಗೆಯುವುದಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಸೆಪ್ಟೆಂಬರಿನಲ್ಲಿ ಅದು ದಾಟದ ದಿನವೇ ಕಡಿಮೆ. ಹೀಗಾಗಿ ಕೊನೆಗೆ ಉಳಿದದ್ದು ಅಕ್ಟೋಬರಿನ ಒಂದು ಶುಕ್ರವಾರ, ನನ್ನ ಕೆಲಸದ ಕೊನೇ ದಿನ. ಬೆಳಗ್ಗೆಯೇ ಮರುಭೂಮಿಯ ಬಿಸಿಗಾಳಿ ಎದ್ದಿತ್ತು. ಫೆರ್ಮಿನ್ ಮದುವೆಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದ. ಗೆರೆ ದಾಟಲಿ, ಗಡಿಯಾರವನ್ನೇ ಕೊಡಲಿ ಎಂದುಕೊಂಡೆ. ಪಾದರಸ ಗೆರೆಗಿಂತ ಒಂದು ಕೂದಲು ಕೆಳಗೆ ನಿಂತಿತ್ತು.

ಬೋಗಿಯ ಕಂಡಕ್ಟರು ವೆಂಡೆಲ್. ಅರವತ್ತು ದಾಟಿದೆ, ಬಿಳಿ ಮೀಸೆ, ಸರಪಳಿಯ ಗಡಿಯಾರ, ನಡೆನುಡಿಯೆಲ್ಲ ಆ ಬೋಗಿಯನ್ನು ವರದಕ್ಷಿಣೆಯಾಗಿ ಪಡೆದ ಅಳಿಯನದು. ನಿಯಮಗಳನ್ನು ಹೇಳಿದ. ಬೂಟು ಒರೆಸಬೇಕು. ಎತ್ತರದ ಕುರ್ಚಿ ಯಜಮಾನಿಯದು, ಅದರಲ್ಲಿ ಯಾರೂ ಕೂರುವಂತಿಲ್ಲ. ಹತ್ತಿದ ಮೇಲೆ ಪೂರ್ತಿ ಸುತ್ತು ಮುಗಿಯುವ ತನಕ ಇಳಿಯುವಂತಿಲ್ಲ, ನಡುವೆ ಮೂರು ನಿಲ್ದಾಣ ಬಂದರೂ. ಇಪ್ಪತ್ತು ನಿಮಿಷ. ನಾನು ಆರನೇ ಕಿಟಕಿಯ ಪಕ್ಕ ಕೂತೆ, ಮೂರನೆಯದಕ್ಕೆ ಬೆನ್ನು ಹಾಕಿ.

ಚಂದವಾಗಿತ್ತು ಎಂದು ಹೇಳಬೇಕು. ಬಣ್ಣದ ಗಾಜಿನಿಂದ ಫೆರ್ಮಿನ್ನನ ಬೋಳುತಲೆಯ ಮೇಲೆ ಹಸಿರು ಬೆಳಕು ಬಿದ್ದಿತ್ತು. ಪ್ಲಾಟ್‌ಫಾರಂನಲ್ಲಿದ್ದವರು ನಾವು ಯಾರೋ ದೊಡ್ಡವರೆಂದು ಕೈ ಬೀಸಿದರು, ಫೆರ್ಮಿನ್ ತಿರುಗಿ ಬೀಸಿದ. ನನಗೆ ಕಂಡದ್ದು ಒಂದೇ, ಏಳನೇ ಕಿಟಕಿಯ ಪರದೆಯ ಜಾಲರಿಗೆ ಗಂಜಿ ಹೆಚ್ಚಾಗಿದೆ ಎಂಬುದು. ಮೊದಲ ನಿಲ್ದಾಣ ಬಂತು, ಹೋಯಿತು. ಬೊಂಬೆ ಜಿಂಕೆಗಳು ತಲೆ ಆಡಿಸಿದವು. ಫೆರ್ಮಿನ್, ನೊಯೆಮಿ ಇದ್ದಿದ್ದರೆ ಆ ಕುರ್ಚಿಯಲ್ಲೇ ಹೋಗಿ ಕೂರುತ್ತಿದ್ದಳು ಎಂದ. ಹೌದು ಎಂದೆ. ಅವನು ಇನ್ನೊಂದು ಮಾತಿಗೆ ಕಾದು, ಮುಖ ತಿರುಗಿಸಿದ.

ಎರಡನೇ ನಿಲ್ದಾಣ ದಾಟಿದ ಮೇಲೆ ವೆಂಡೆಲ್ ನನ್ನ ಬೆನ್ನ ಹಿಂದೆ ನಿಂತು ಕೆಮ್ಮಿದ.

"ಒಟೀಲಿಯಾ ಅವ್ರೇ, ನಿಮ್ಮ ಲಾಂಡ್ರಿಯವ್ರ ಮಾನ ತೆಗೀತಾನೆ ಅನ್ಕೋಬೇಡಿ. ಒಂದ್ ನಿಮಿಷ ಬನ್ನಿ ಇಲ್ಲಿ. ಇದನ್ನ ಯಾರೋ ದನ ಕಟ್ಟೋ ಹಗ್ಗದಲ್ಲಿ ಹೊಲ್ದಿದ್ದಾರೆ."

ಎದ್ದೆ. ಓಡುವ ರೈಲಿನಲ್ಲಿ ಇಳಿಯಲು ಜಾಗವಿರಲಿಲ್ಲ. ಮೂರನೇ ಕಿಟಕಿ, ಎಡ ಪರದೆ, ಕೆಳಗಿನ ಅಂಚು. ಕಿತ್ತಳೆಗೆಂಪು ದಾರ. ಸುಕ್ಕುಗಟ್ಟಿದ ಬಟ್ಟೆ. ಕೊನೆಗೆ ಮೆಣಸಿನಕಾಳಿನಷ್ಟು ಗಂಟು, ಮೂರು ಸುತ್ತು.

ವೆಂಡೆಲ್ ಹೇಳುತ್ತಲೇ ಇದ್ದ. ಮೊನ್ನೆ ಮಖಮಲ್ಲಿಗೆ ಬ್ರಷ್ ಹೊಡೆಯುವಾಗ ಕಂಡಿತಂತೆ. ಪಟ್ಟಿ ತಿರುಗಿಸಿ ನೋಡಿದರೆ ತಪಾಸಣೆಯ ನಂಬರೇ ಇಲ್ಲ. ಚೀಟಿ ಬರೆದಿಟ್ಟಿದ್ದಾನೆ, ಸೋಮವಾರ ಪರದೆಗಳು ಒಗೆಯಲು ಇಳಿದಾಗ ಇದನ್ನು ಕಿತ್ತು ಹೊಸದಾಗಿ ಹೊಲಿಸುತ್ತಾರೆ.

ನಾನು ಪಟ್ಟಿಯನ್ನು ಹೊರಗೆ ತಿರುಗಿಸಿದೆ. ಫೆಬ್ರವರಿಯ ಸಾಲಿನಲ್ಲಿ ಅವಳ ಅಕ್ಷರ. ಮೂವತ್ತೊಂದು, ಒಂದರ ತಲೆಗೆ ಕೊಂಕು. ಅದರ ಪಕ್ಕ ಖಾಲಿ. ಅದರ ಕೆಳಗೆ ಜೂನಿನ ಒಗೆತಕ್ಕೆ ಇಪ್ಪತ್ತೆರಡು, ಹಸಿಂತಾಳ ನಂಬರು. ಬಟ್ಟೆಯಲ್ಲಿ ಒಂದು ನೂಲು ತಪ್ಪಿದರೂ ಹಿಡಿಯುವವಳು ಈ ಹೊಲಿಗೆಯನ್ನು ನೋಡಿ, ಬಿಚ್ಚದೆ, ಮೇಲಿನ ಖಾಲಿ ಜಾಗವನ್ನು ಮುಟ್ಟದೆ, ಮತ್ತೆ ನೇತುಹಾಕಿದ್ದಳು. ಗಡಿಯಾರ ಬೇಡವೆಂದವಳೂ ಅವಳೇ.

ಹೊಲಿಗೆಯ ಮೇಲೆ ಬೆರಳಾಡಿಸಿದೆ. ಕೆಟ್ಟ ಹೊಲಿಗೆ. ಆದರೆ ಒಂದು ಒಗೆತ ತಡೆದಿದೆ, ಒಂದು ಎಳೆಯೂ ಜಾರಿಲ್ಲ.

ಎದೆಯ ಜೇಬಿನಲ್ಲಿ ಪೆನ್ನಿತ್ತು. ಐದು ಗಂಟೆಗೆ ಅದನ್ನು ಆಫೀಸಿಗೆ ಒಪ್ಪಿಸಬೇಕಿತ್ತು. ಬೋಗಿ ಕುಲುಕುತ್ತಿತ್ತು, ಮಂಡಿಯೂರಿ ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು ಖಾಲಿ ಜಾಗದಲ್ಲಿ ಬರೆದೆ: ಹದಿನಾಲ್ಕು.

"ಇದು ಪಾಸಾ?" ಎಂದ ವೆಂಡೆಲ್.

"ಪಾಸು."

"ದಾರದ ಬಣ್ಣ ನೋಡಿದ್ರಾ?"

"ಇಪ್ಪತ್ತೇಳು ವರ್ಷದಿಂದ ಬಣ್ಣ ನೋಡೋದೇ ನನ್ ಕೆಲ್ಸ. ನಂಬರ್ ಬಿದ್ಮೇಲೆ ಕೀಳೋ ಹಾಗಿಲ್ಲ. ಚೀಟಿ ಹರ್ದು ಹಾಕಿ ವೆಂಡೆಲ್."

ಅವನು ನನ್ನ ಮುಖ ನೋಡಿ, ಚೀಟಿಯನ್ನು ಎರಡಾಗಿ ಹರಿದು ಜೇಬಿಗೆ ಹಾಕಿಕೊಂಡ. ಗಡಿಯಾರ ತೆಗೆದು ನೋಡುತ್ತ ಬಾಗಿಲ ಹತ್ತಿರ ಹೋಗಿ ನಿಂತ. ನಿಯಮ ಗೊತ್ತಿದ್ದವನು.

ಫೆರ್ಮಿನ್ ಎದ್ದು ಬಂದ. ಕನ್ನಡಕ ಹಾಕಿಕೊಂಡು ಬಗ್ಗಿ ಪಟ್ಟಿ ಓದಿದ. ನಾನು ಬರೆದದ್ದನ್ನಲ್ಲ, ಅದರ ಪಕ್ಕದ್ದನ್ನು. ಲಾಂಡ್ರಿಯ ಫ್ರಿಜ್ಜಿನಲ್ಲಿ ಡಬ್ಬಿಗಳು ಅದಲುಬದಲಾಗಬಾರದೆಂದು ಪ್ರತಿ ಬೆಳಗ್ಗೆ ಮಗಳ ಡಬ್ಬಿಯ ಮುಚ್ಚಳದ ಮೇಲೆ ಆ ನಂಬರು ಬರೆಯುತ್ತಿದ್ದವನು ಅವನೇ.

"ಮೂವತ್ತೊಂದು," ಎಂದ. ಕನ್ನಡಕ ತೆಗೆದು, "ಮುದುಕಿ, ಇದು ಅವಳು ಹೊಲ್ದಿದ್ದಾ?" ಎಂದ.

ಅವನ ಕೈಹಿಡಿದು ಗಂಟಿನ ಮೇಲೆ ಇಟ್ಟೆ. ಸಿಮೆಂಟು ತಿಂದ ಒರಟು ಬೆರಳು. ಅದಕ್ಕೂ ಗಂಟು ತಾಕಿತು.

"ಬಿಚ್ಚಿ ಹೊಲಿ ಅಂತ ಎಲ್ರ ಮುಂದೆ ಬೈದಿದ್ದೆ. ಬಿಚ್ಚಿದ್ದೀನಿ ಅಂತ ನನ್ನಾಣೆ ಹಾಕಿದ್ಲು. ನೋಡಿಲ್ಲಿ, ಬಿಚ್ಚೇ ಇಲ್ಲ ಕಳ್ಳಿ."

ಅವನಿಗೆ ಜಗಳ ಯಾವುದಕ್ಕೆಂದು ಆಗ ತಿಳಿಯಿತು. ನಕ್ಕ, ನಗುತ್ತಲೇ ಅತ್ತ, ಮದುವೆಯ ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡ. ನನಗೆ ಆಗಲೂ ಅಳು ಬರಲಿಲ್ಲ. ನನ್ನ ಕಣ್ಣು ಒಣಗಿದ್ದನ್ನು ಅವನು ನೋಡಿದ. ಈ ಸಲ ಏನೂ ಅನ್ನಲಿಲ್ಲ.

ಸುರಂಗ ಬಂತು, ಕತ್ತಲಾಯಿತು, ಮತ್ತೆ ಬೆಳಕು ಬಂತು. ನಾವಿಬ್ಬರೂ ನೆಲದ ಮೇಲೆ ಪರದೆಯ ಅಂಚು ಹಿಡಿದುಕೊಂಡೇ ಕೂತಿದ್ದೆವು. ಇಳಿಯುವ ನಿಲ್ದಾಣ ಬಂದಾಗ ವೆಂಡೆಲ್ ಬಾಗಿಲು ತೆಗೆದ, ಬೇಗ ಏಳಿ ಎನ್ನಲಿಲ್ಲ. ಶಾಯಿ ಒಣಗಿದೆಯೇ ಎಂದು ಮುಟ್ಟಿ ನೋಡಿ ಪಟ್ಟಿಯನ್ನು ಒಳಕ್ಕೆ ಮಡಚಿದೆ, ಹೊಲಿಗೆಯನ್ನು ಹೊರಗೆ ಕಾಣುವಂತೆ ಬಿಟ್ಟೆ. ಹುಟ್ಟಿದಾಗಿನಿಂದ ಆ ಹುಡುಗಿ ನನ್ನ ಒಂದು ಮಾತನ್ನೂ ಕೇಳಿದವಳಲ್ಲ. ಆ ಒಂದು ಸಲ ಕೇಳಿಬಿಟ್ಟಿದ್ದರೆ ಅವತ್ತು ಆ ಕಿಟಕಿಯಲ್ಲಿ ನನಗೆ ಏನೂ ಉಳಿದಿರುತ್ತಿರಲಿಲ್ಲ.