ಒಂದೇ ಲಾಟು

ಮೈಕ್ರೋಸ್ಕೋಪಿನಿಂದ ದೇವೇಂದ್ರ ಕಣ್ಣು ತೆಗೆಯಲೇ ಇಲ್ಲ. ಗಾಜಿನ ಮೇಲಿದ್ದದ್ದು ಅವನದೇ ಮಣಿಕಟ್ಟಿನ ಚೂರು. ಬೆರಳುಗಳು ಜೋಮು ಹಿಡಿಯುತ್ತವೆಂದು ಹೋದ ತಿಂಗಳು ಎರಡೂ ಕೈಗೆ ಆಪರೇಷನ್ ಆಗಿತ್ತು. ಸರ್ಜನ್‌ಗೆ ಏನೋ ಅನುಮಾನ ಬಂದು ಚೂರನ್ನು ಲ್ಯಾಬಿಗೆ ಕಳಿಸಿದ್ದರು. ಬಯಾನ್ ಲೆಪಾಸ್ ಊರಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಟ್ಟ ಕಂಪ್ಯೂಟರ್ ಚಿಪ್‌ಗಳನ್ನು ಸೀಳಿ ಕಾರಣ ಹುಡುಕುವವನು, ತನ್ನದನ್ನೂ ನೋಡಲೇಬೇಕೆಂದು ಹಟ ಹಿಡಿದಿದ್ದ.

ಲ್ಯಾಬಿನ ಡಾಕ್ಟರ್ ಮೈಕ್ರೋಸ್ಕೋಪಿನಲ್ಲಿ ಬೆಳಕು ಸೋಸುವ ಒಂದು ಗಾಜಿನ ಬಿಲ್ಲೆ ತಿರುಗಿಸಿದರು. ಕೆಂಪು ಬಣ್ಣ ಹಚ್ಚಿದ ಚೂರಿನೊಳಗೆ ಎಳೆ ಹಸಿರು ಬೆಳಗಿತು.

"ಚೆನ್ನಾಗಿದೆ ಕಣೇ," ಅಂದ ದೇವೇಂದ್ರ. ಪಕ್ಕದಲ್ಲಿದ್ದ ಹೆಂಡತಿ ಮಹಾಲಕ್ಷ್ಮಿಗೆ ಆ ಮಾತು ಹಿಡಿಸಲಿಲ್ಲ.

ಡಾಕ್ಟರ್ ನಿಧಾನವಾಗಿ ವಿವರಿಸಿದರು. ಲಿವರ್ ದಿನವೂ ಒಂದು ಪ್ರೋಟೀನು ಮಾಡಿ ರಕ್ತಕ್ಕೆ ಬಿಡುತ್ತದೆ. ಸರಿಯಾಗಿ ಮಡಚಿಕೊಂಡಿದ್ದರೆ ಅದರ ಪಾಡಿಗೆ ಅದು ಓಡಾಡಿಕೊಂಡಿರುತ್ತದೆ. ಮಡಿಕೆ ತಪ್ಪಿದರೆ ಒಂದಕ್ಕೊಂದು ಅಂಟಿ, ಎಳೆಎಳೆಯಾಗಿ ನರದಲ್ಲಿ, ಹೃದಯದಲ್ಲಿ ಕೂರುತ್ತದೆ. ಬೆಂದ ಮೊಟ್ಟೆಯ ಬಿಳಿ ಮತ್ತೆ ತಿಳಿಯಾಗದ ಹಾಗೆಯೇ ಎಂದು ಮಹಾಲಕ್ಷ್ಮಿ ಕೇಳಿದಳು. ಹೆಚ್ಚುಕಡಿಮೆ ಹಾಗೇ, ಆದರೆ ಇನ್ನಷ್ಟು ಅಂಟದಂತೆ ತಡೆಯುವ ಔಷಧಿ ಈಗ ಇದೆ ಎಂದರು. ರಕ್ತದ ವರದಿಯೂ ಬಂದಿತ್ತು. ತಪ್ಪು ವಂಶವಾಹಿಯಲ್ಲೇ ಇತ್ತು.

ದೇವೇಂದ್ರ ತಲೆಯೆತ್ತದೆ, ಒಂದು ಚಿಪ್ ಕೆಟ್ಟರೆ ಅದರ ಜೊತೆ ತಯಾರಾದವನ್ನೆಲ್ಲ ಹುಡುಕುವ ಕಾರ್ಖಾನೆಯ ಧಾಟಿಯಲ್ಲೇ ಡಾಕ್ಟರನ್ನು ಇಂಗ್ಲಿಷಿನಲ್ಲಿ ಕೇಳಿಬಿಟ್ಟ. ಇದೇ ಲಾಟಿನಿಂದ ಬೇರೆ ಏನೇನು ಹೊರಗೆ ಹೋಗಿದೆ?

ಡಾಕ್ಟರಿಗೆ ಅರ್ಥವಾಗಲಿಲ್ಲ. ಊಟದ ಹೊತ್ತಿನಲ್ಲಿ ಈ ಮಾತು ಕೇಳುತ್ತಲೇ ಬೆಳೆದಿದ್ದ ಹತ್ತೊಂಬತ್ತರ ಮಗಳು ತೃಪ್ತಿಗೆ ಅರ್ಥವಾಯಿತು.

"ದಟ್ಸ್ ಮೀ ಲಾ, ಅಪ್ಪ. ಒನ್ ಪೀಸ್ ಓನ್ಲಿ," ಅಂದಳು, ಆ ಊರಿನ ಇಂಗ್ಲಿಷಿನಲ್ಲಿ.

ದೇವೇಂದ್ರ ಈಗ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದ. ಅವಳಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಪರೀಕ್ಷೆಗೆ ಆತುರವಿಲ್ಲ, ಬೇಡವೆಂದರೂ ಸರಿ ಎಂದು ಡಾಕ್ಟರ್ ಹೇಳುತ್ತಿದ್ದರು. ತೃಪ್ತಿ ಅಪ್ಪನನ್ನು ಪಕ್ಕಕ್ಕೆ ಸರಿಸಿ, ತಾನೇ ಬಿಲ್ಲೆ ತಿರುಗಿಸಿ ನೋಡಿದಳು. ಹಸಿರು ಬಂತು, ಹೋಯಿತು, ಬಂತು. ಎಷ್ಟು ವರ್ಷದಿಂದ ಕೂಡಿಕೊಂಡದ್ದಿರಬಹುದು, ಶುರುವಿನಲ್ಲಿ ಎಷ್ಟು ಸಣ್ಣದಿರುತ್ತದೆ ಎಂದು ಅವಳದು ಒಂದರ ಮೇಲೊಂದು ಪ್ರಶ್ನೆ.

ಎರಡು ವಾರ ಮನೆಯಲ್ಲಿ ಅದೇ ಮಾತು. ಕೌನ್ಸೆಲರ್ ಹತ್ತಿರವೂ ಹೋಗಿಬಂದರು. ಓದಾದರೂ ಮುಗಿಯಲಿ ಎಂದು ಮಹಾಲಕ್ಷ್ಮಿ ಬೇಡಿಕೊಂಡಳು.

"ಐ ವಾಂಟ್ ಟು ನೋ, ಅಮ್ಮ," ಅಂದಳು ತೃಪ್ತಿ. "ನೀನು ಜೊತೆಗೆ ಬಾ, ಸಾಕು."

ರಕ್ತ ತೆಗೆಯುವ ಕುರ್ಚಿಯಲ್ಲಿ ಒಂದು ಕೈ ಚಾಚಿ, ಅವಳು ಕೊಳವೆ ತುಂಬುವುದನ್ನೇ ನೋಡುತ್ತಿದ್ದಳು. ಇನ್ನೊಂದು ಕೈ ಅಮ್ಮನ ಮಡಿಲಲ್ಲಿತ್ತು. ಮಹಾಲಕ್ಷ್ಮಿ ಹೆಬ್ಬೆರಳಿನಿಂದ ಶುರುಮಾಡಿ, ಜೋಮು ಇದೆಯೇ ಎಂದು ಕೇಳುವವಳಂತೆ, ಒಂದೊಂದೇ ಬೆರಳಿನ ತುದಿಯನ್ನು ಒತ್ತುತ್ತಾ ಹೋದಳು. ಕಿರುಬೆರಳಿಗೆ ಬಂದಾಗ ತೃಪ್ತಿ, ಇತ್ತ ತಿರುಗದೆಯೇ, ಮೆಲ್ಲಗೆ ಅಮ್ಮನ ಬೆರಳನ್ನು ಮರಳಿ ಒತ್ತಿದಳು.